ಸೆಕ್ರೆಟರಿಯ ರೈಫಲ್

ನ್ಯೂರೆಂಬರ್ಗಿನ ಹೊರಗೆ, ಟ್ರಾಮ್ ಲೈನ್ ಮುಗಿಯುವ ಕಡೆ, ಒಂದು ಶೂಟಿಂಗ್ ಕ್ಲಬ್ಬಿತ್ತು. ನಾನು ಅದರ ಹೌಸ್‌ಮೈಸ್ಟರ್. ಹೆಸರು ದೊಡ್ಡದು, ಕೆಲಸ ಗುಡಿಸುವುದು, ಹುಲ್ಲು ಕತ್ತರಿಸುವುದು, ಬಲ್ಬು ಬದಲಿಸುವುದು, ಬೀಗ ಹಾಕುವುದು. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿಯವರು ಕೊಡುತ್ತಿದ್ದ ಗ್ರೀನ್ ಕಾರ್ಡ್ ಬಂದದ್ದು ಹೆಂಡತಿಗೆ. ಅವಳು ಮೈಸೂರಲ್ಲಿ ಎಂಜಿನಿಯರಿಂಗ್ ಓದಿದವಳು, ನಾನು ಕೊಡಗಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವಳ ಆಫೀಸಿನ ಹುಡುಗರು ಮನೆಗೆ ಊಟಕ್ಕೆ ಬಂದರೆ, "ಏನ್ ಗುರು, ಬಂದೂಕಿನ ಮನೇಲಿ ಪೊರಕೆ ಹಿಡ್ದಿದೀಯಂತೆ?" ಅನ್ನೋರು. "ಹೌದಪ್ಪ, ನಾನು ಗುಡಿಸಿದ್ದು ಸಂಜೆ ಕಣ್ಣಿಗೆ ಕಾಣುತ್ತೆ, ನೀವು ಮಾಡಿದ್ದು ಏನಾದ್ರೂ ಕಾಣುತ್ತಾ?" ಅಂತಿದ್ದೆ. ನಾನು ಯಾವ ಕೆಲಸಕ್ಕೂ ನಾಚಿದವನಲ್ಲ.

ಒಂದೇ ವಿಷಯ ಒಳಗೆ ಕೊರೆಯುತ್ತಿತ್ತು. ನಮ್ಮ ಕಡೆ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುತ್ತಾರೆ. ಕೈಲ್ ಮುಹೂರ್ತದ ಹಬ್ಬದ ದಿನ ಮನೆ ಕೋವಿಯ ನಳಿಗೆಗೆ ಹೂ ಸಿಕ್ಕಿಸಿ ಕೈ ಮುಗಿಯುತ್ತೇವೆ. ಇಲ್ಲಿ ಕಪಾಟಿನ ತುಂಬ ರೈಫಲ್‌ಗಳು, ಬೀಗದ ಕೈ ನನ್ನ ಸೊಂಟದಲ್ಲಿ, ಲೈಸೆನ್ಸ್ ಇಲ್ಲದ್ದರಿಂದ ಒಂದನ್ನೂ ಹೊತ್ತು ನಡೆಯುವ ಹಾಗಿಲ್ಲ. ನಾನು ಖಾಲಿ ತೋಟಾ ಗುಡಿಸುತ್ತಿದ್ದೆ.

ಸೆಕ್ರೆಟರಿ ಸಾಹೇಬರು ಪ್ರತಿ ಬೇಸಿಗೆ ಬಂದು ಕ್ಲಬ್ಬಿನ ಮೇಲಿನ ಕೋಣೆಯಲ್ಲಿ ಇಳಿಯುತ್ತಿದ್ದರು. ವೆಸ್ಟ್ ಇಂಡೀಸ್ ಕಡೆಯ ಒಂದು ಪುಟ್ಟ ದ್ವೀಪದವರು, ಪೋಸ್ಟಾಫೀಸಿನಿಂದ ರಿಟೈರಾದವರು. ಅಲ್ಲಿನ ಶೂಟಿಂಗ್ ಸಂಘದ ಸೆಕ್ರೆಟರಿ ಅವರೇ, ಖಜಾಂಚಿ ಅವರೇ, ತಂಡದ ಮ್ಯಾನೇಜರ್ ಅವರೇ, ಹೊರದೇಶಕ್ಕೆ ಹೋಗಿ ಗುಂಡು ಹೊಡೆಯುವವರೂ ಅವರೊಬ್ಬರೇ. ಸಂಘದ ಆಫೀಸು ಅಂದರೆ ಹೆಂಡತಿಯ ಹೊಲಿಗೆ ಮೇಜು. "ಅವಳು ಬ್ಲೌಸ್ ಹೊಲಿಯೋ ದಿನ ಸಂಘಕ್ಕೆ ರಜೆ" ಅನ್ನುತ್ತಿದ್ದರು. ನಾನು ಅವರನ್ನು ಸೆಕ್ರೆಟರಿ ಸಾಹೇಬರೇ ಅಂತ ಕರೆಯುತ್ತಿದ್ದೆ, ಅವರು ನನ್ನನ್ನು ಮೈಸ್ಟರ್ ಅನ್ನುತ್ತಿದ್ದರು. ನನ್ನ ಹರಕು ಇಂಗ್ಲಿಷು, ಅವರ ರಾಗದ ಇಂಗ್ಲಿಷು. ಕ್ರಿಕೆಟ್ಟಿನ ಮಾತಿಗೆ ಅಷ್ಟು ಸಾಕಾಗುತ್ತಿತ್ತು.

ನಮ್ಮೂರಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಇಟ್ಟು ಹೊಡೆಯುತ್ತೇವೆ ಅಂತ ಒಮ್ಮೆ ಹೇಳಿದೆ.

"ಕಟ್ಟಿ? ನಮ್ಮಲ್ಲಿ ಅದು ತಾನಾಗೇ ಬೀಳುತ್ತೆ ಮೈಸ್ಟರ್. ಕೆಳಗೆ ನಿಂತವನ ತಲೆಗೆ ಗುರಿ ಇಟ್ಟು."

ಆ ವರ್ಷ ಅವರು ಬಂದದ್ದು ಒಂದೇ ಕಾರಣಕ್ಕೆ. ನಮ್ಮ ಕ್ಲಬ್ಬಿನಲ್ಲಿ ನಡೆಯುವ ಪಂದ್ಯದಲ್ಲಿ ಕನಿಷ್ಠ ಅಂಕ ಮುಟ್ಟಿದರೆ, ಅವರ ದ್ವೀಪದಿಂದ ಮೊದಲ ಸಲ ಒಬ್ಬ ಶೂಟರ್ ದೊಡ್ಡ ಕ್ರೀಡಾಕೂಟಕ್ಕೆ ಹೋಗಬಹುದಿತ್ತು. ಆ ಅಂಕ ಮುಟ್ಟಲು ಕೊಟ್ಟ ಅವಧಿಯ ಕೊನೆಯ ಪಂದ್ಯ ಇದು. ಬಲಗಣ್ಣಿಗೆ ಪೊರೆ ಬರುತ್ತಿದೆ ಅಂತ ಡಾಕ್ಟರ್ ಹೇಳಿದ್ದರು. ಮುಂದಿನ ಸಲ ಅನ್ನುವ ಮಾತಿರಲಿಲ್ಲ. ಅಭ್ಯಾಸದಲ್ಲಿ ಬೇಕಾದ ಅಂಕ ಬರುತ್ತಲೇ ಇತ್ತು. ಟಾರ್ಗೆಟ್ ಕಾಗದ ನನಗೆ ತೋರಿಸಿ, ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಪಂದ್ಯದ ದಿನ ಬೆಳಿಗ್ಗೆ ಎರಡು ಕೆಲಸ ಒಂದೇ ಹೊತ್ತಿಗೆ ನಡೆಯುತ್ತವೆ. ಮಹಡಿಯಲ್ಲಿ ತಂಡಗಳ ಮ್ಯಾನೇಜರುಗಳ ಸಭೆ. ಕೆಳಗೆ ಕಿಟಕಿಯೊಂದರ ಮುಂದೆ ಬಂದೂಕಿನ ತಪಾಸಣೆ. ತೂಕ ನೋಡಿ, ಅಳತೆ ನೋಡಿ, ಸ್ಟಿಕರ್ ಅಂಟಿಸುತ್ತಾರೆ. ಸ್ಟಿಕರ್ ಇಲ್ಲದ ಬಂದೂಕಿಗೆ ಲೇನ್ ಇಲ್ಲ, ಅಂದರೆ ಗುಂಡು ಹೊಡೆಯಲು ಜಾಗವೇ ಇಲ್ಲ. ಎಲ್ಲಾ ದೇಶದಿಂದ ಮ್ಯಾನೇಜರ್ ಮೇಲಕ್ಕೆ ಹೋದ, ಶೂಟರ್ ಕೆಳಗೆ ನಿಂತ. ಇವರು ಒಬ್ಬರೇ. ಮೊದಲು ಮೇಲಕ್ಕೆ ಹೋದರು. "ಐದು ನಿಮಿಷ, ಹಾಜರಿ ಹಾಕಿ ಬರ್ತೀನಿ" ಅಂದರು.

ಮೇಲೆ ತಕರಾರು ಹತ್ತಿಕೊಂಡಿತ್ತು. ಸಣ್ಣ ದೇಶಗಳವರನ್ನೆಲ್ಲ ಗಾಳಿ ಏಳುವ ಸಂಜೆಯ ಸುತ್ತಿನಲ್ಲಿ ಹಾಕಿದ್ದರಂತೆ. ಕೆಳಗೆ ಸಾಲು ಕರಗಿದ್ದು ನೋಡಿ ನಾನು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತೆ. ಅವರು ಎದ್ದು ನಿಂತು ಮಾತಾಡುತ್ತಿದ್ದರು, ಕೈಯಲ್ಲಿ ನಿಯಮದ ಪುಸ್ತಕ. ನಾನು ಗಡಿಯಾರ ತೋರಿಸಿದೆ. ಒಂದು ಬೆರಳು ಎತ್ತಿದರು, ತಾಳು ಅಂತ. ಇನ್ನೊಮ್ಮೆ ತೋರಿಸಿದೆ. ಮತ್ತೆ ಅದೇ ಬೆರಳು.

ವಾದ ಗೆದ್ದರು. ಎಲ್ಲರಿಗೂ ಗಾಳಿ ಇಲ್ಲದ ಸುತ್ತು ಸಿಕ್ಕಿತು. ಕೆಳಗಿಳಿದು ಬರುವಷ್ಟರಲ್ಲಿ ತಪಾಸಣೆಯ ಹೊತ್ತು ಮುಗಿದು ಕಿಟಕಿಯ ಶಟರ್ ಇಳಿದಿತ್ತು.

ತಪಾಸಣೆಯ ಮುದುಕ ಜರ್ಮನ್ ಇನ್ನೂ ಅಲ್ಲೇ ತಕ್ಕಡಿ ಒರೆಸುತ್ತಿದ್ದ. ಇವರ ಜೊತೆ ಎಷ್ಟೋ ಸಂಜೆ ಬಿಯರ್ ಕುಡಿದವನು. ಸುತ್ತ ನೋಡಿ ಮೆಲ್ಲಗೆ, "ತಗೊಂಡು ಬಾ ಬೇಗ. ಶಟರ್ ಎತ್ತುತ್ತೀನಿ" ಅಂದ.

ನಾನು ಆಗಲೇ ಅವರ ರೈಫಲ್ ಇದ್ದ ಕಪಾಟಿನ ಬೀಗ ತೆಗೆದಿದ್ದೆ. ಅವರು ಅಲ್ಲಾಡಲಿಲ್ಲ.

"ಹೋದ ವರ್ಷ ಇದೇ ಕಿಟಕಿ ಹತ್ತಿರ ಒಬ್ಬಳು ಹುಡುಗಿ ತಡವಾಗಿ ಬಂದಿದ್ದಳು" ಅಂದರು. "ಬಸ್ಸು ಕೆಟ್ಟಿತ್ತು ಅಂದಳು. ಆಗ ಜ್ಯೂರಿಯಲ್ಲಿದ್ದದ್ದು ನಾನು."

"ಗೊತ್ತು. ಶಟರ್ ಎತ್ತೋದು ಬೇಡ ಅಂದವನು ನೀನೇ" ಅಂದ ಮುದುಕ. "ಅದು ಹೋದ ವರ್ಷ. ಈಗ ನಿನ್ನ ಕಣ್ಣಿನ ಬಗ್ಗೆ ಯೋಚನೆ ಮಾಡು."

"ಅವಳು ಇವತ್ತು ಬಂದಿದ್ದಾಳೆ. ನನ್ನ ಪಕ್ಕದ ಲೇನ್."

"ಸಾಹೇಬರೇ, ಬೀಗ ತೆಗೆದಿದ್ದೀನಿ" ಅಂದೆ ನಾನು.

"ಹಾಕು ಮೈಸ್ಟರ್."

ಹಾಕಿದೆ. ಅವರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ, ಅಳು ಬಂದ ಹಾಗೂ ಕಾಣಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಚಳಿಗಾಲದಲ್ಲಿ ಕೈಗವಸು ಮರೆತ ದಿನ ಬೆರಳು ಮರಗಟ್ಟುತ್ತದಲ್ಲ, ಹಾಗೆ.

ಪಂದ್ಯ ನಡೆಯಿತು. ಅವರ ಲೇನ್ ಗೋಡೆಯ ಬದಿಗಿತ್ತು. ಹೆಸರಿನ ಚೀಟಿ, ದ್ವೀಪದ ಪುಟ್ಟ ಬಾವುಟ ಅಂಟಿಸಿದ್ದು ಹಾಗೇ ಇತ್ತು, ಮಲಗಿ ಗುಂಡು ಹೊಡೆಯುವ ಚಾಪೆ ಖಾಲಿ. ಅವರು ಹಿಂದಿನ ಕುರ್ಚಿಯಲ್ಲಿ, ಮ್ಯಾನೇಜರುಗಳ ಸಾಲಿನಲ್ಲಿ, ಕೋಟಿನ ಗುಂಡಿ ಹಾಕಿಕೊಂಡು ಕೂತರು. ಪಕ್ಕದ ಲೇನಿನ ಹುಡುಗಿ ಚೆನ್ನಾಗಿ ಹೊಡೆದಳು. ಮುಗಿದ ಮೇಲೆ ಹಿಂದಕ್ಕೆ ತಿರುಗಿ ನೋಡಿ, ಖಾಲಿ ಚಾಪೆ ತೋರಿಸಿ, ಏನಾಯಿತು ಅನ್ನುವ ಹಾಗೆ ಕೈ ತಿರುಗಿಸಿದಳು. ಇವರು ತಮ್ಮ ವಾಚು ತಟ್ಟಿ ತೋರಿಸಿದರು. ಅವಳು ನಗಬೇಕೋ ಬಾರದೋ ತಿಳಿಯದೆ ಬಗ್ಗಿ ತನ್ನ ಚಾಪೆ ಸುತ್ತತೊಡಗಿದಳು.

ಬೇರೆಯವರೆಲ್ಲ ಹೋದ ಮೇಲೆ ಪೊರಕೆ ಹಿಡಿದೆ. ಒಂದೊಂದು ಲೇನಿನಲ್ಲೂ ಹಿತ್ತಾಳೆಯ ತೋಟಾಗಳು ರಾಶಿ ಬಿದ್ದಿದ್ದವು. ಗೋಡೆ ಬದಿಯಲ್ಲಿ ಗುಡಿಸುವಂಥದ್ದೇನೂ ಇರಲಿಲ್ಲ. ಆದರೂ ಗುಡಿಸಿದೆ. ಬಾವುಟ ಕಿತ್ತು ಅವರಿಗೆ ಕೊಟ್ಟೆ. "ಅಂಟು ಚೆನ್ನಾಗಿದೆ, ಇನ್ನೊಂದ್ಸಲಕ್ಕೆ ಬರುತ್ತೆ" ಅಂತ ಜೇಬಿಗೆ ಹಾಕಿಕೊಂಡರು.

ಮನೆಗೆ ಹೋದಾಗ ಹೆಂಡತಿ ಅನ್ನಕ್ಕಿಟ್ಟಿದ್ದಳು.

"ನಿಮ್ಮ ಸಾಹೇಬರು ಎಷ್ಟು ಹೊಡೆದ್ರು?"

"ಹೊಡೀಲಿಲ್ಲ."

"ಅಯ್ಯೋ, ಯಾಕೆ?"

"ಮೀಟಿಂಗ್ ಇತ್ತು."

"ನಮ್ಮ ಆಫೀಸಲ್ಲೂ ಹಾಗೇ" ಅಂದು ತಟ್ಟೆ ಇಟ್ಟಳು. ಊಟ ಮಾಡಿದೆವು.