ಸಮುದ್ರದಂಡೆಯ ಬಿಳಿ ಕಾಗೆ

ಮೊನ್ನೆ ಮಧ್ಯಾಹ್ನ ಕೆಲಸ ಮುಗಿಸಿ ಬರುವಾಗ ಮೆಲ್ಬರ್ನಿನ ವೆರಿಬೀಯ ತರಕಾರಿ ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟೊಂದನ್ನು ಕೈಗೆತ್ತಿಕೊಂಡೆ. ಇಲ್ಲಿಯವರು ಅದನ್ನು ಮೀನಿನ ಮೇಲೆ ಉದುರಿಸಲು ಒಯ್ಯುತ್ತಾರೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದರೆ ಎಣ್ಣೆಯಲ್ಲಿ ಬೇಯುವ ಕಡಲೆಬೇಳೆ ವಡೆ, ಹೊಗೆಗೆ ಅರಚಿಕೊಳ್ಳುವ ಅಲಾರಂ, ಅದರ ಕೆಳಗೆ ನಿಂತು ಸೆರಗು ಬೀಸುತ್ತಿದ್ದ ಆ ಅಮ್ಮ...

ಎರಡು ಸಾವಿರದ ಐದೋ ಆರೋ ಇರಬೇಕು. ಆಗ ನಾನು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಒಬ್ಬಳೇ ಇದ್ದೆ. ವಾರವೆಲ್ಲ ನೈಟ್ ಶಿಫ್ಟ್. ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್ ಕೈಗೆ ಬರುವವರೆಗೆ ಕೆಲಸದಲ್ಲಿ ಯಾರೆದುರೂ ಬಾಯಿ ಬಿಡುವ ಹಾಗಿರಲಿಲ್ಲ. ಶನಿವಾರ ಬಂದರೆ ಮಲಗುವುದೊಂದೇ ಆಸೆ. ಮೇಲಿನ ಫ್ಲಾಟ್‌ಗೆ ಆ ಅಮ್ಮ ಮಂಡ್ಯದ ಕಡೆಯಿಂದ ಮಗಳ ಬಾಣಂತನಕ್ಕೆ ಬಂದಿದ್ದರು. ಲಿಫ್ಟ್‌ನಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡ ದಿನದಿಂದ ನನ್ನನ್ನು ಬಿಡಲಿಲ್ಲ. ಸಾರು ತಂದುಕೊಡುವುದು, ಕೂದಲಿಗೆ ಎಣ್ಣೆ ಹಚ್ಚಿಲ್ಲವೆಂದು ಬೈಯುವುದು, ಎರಡನ್ನೂ ತಾವೇ ವಹಿಸಿಕೊಂಡರು.

ಅಂಥ ಒಂದು ಶನಿವಾರ ಬೆಳಿಗ್ಗೆ ಅವರ ಅಡುಗೆಮನೆಯ ಅಲಾರಂ ನನ್ನನ್ನು ಎಬ್ಬಿಸಿತು. ಏನಾಯಿತೋ ಎಂದು ಮೇಲೆ ಓಡಿ ಹೋಗಿ ಅವರ ಕಿಟಕಿ ತೆರೆದೆ. ಅಂದು ಅವರ ಯಜಮಾನರ ಮೊದಲ ವರ್ಷದ ತಿಥಿ. ಊರಿನಲ್ಲಿ ಮಗ ಎಡೆ ಇಡುತ್ತಾನೆ ಎಂದು ಗೊತ್ತಿದ್ದರೂ ಅಮ್ಮನಿಗೆ ಸಮಾಧಾನವಿರಲಿಲ್ಲ.

"ಸಬ್ಬಸಿಗೆ ವಡೆ ಅಂದ್ರೆ ಪ್ರಾಣ ಬಿಡೋರು ಕಣವ್ವ. ಹಿಂದಿನ್ ದಿನ ಮಾಡೇ ಅಂದ್ರು. ಮೈಕೈ ನೋವು, ನಾಳೆ ಮಾಡ್ತೀನಿ ಅಂದ್ಬುಟ್ಟೆ. ಬೆಳಿಗ್ಗೆ ಎಬ್ಬಿಸಿದ್ರೆ ಏಳ್ಲೇ ಇಲ್ಲ."

ಆ ವಡೆಯನ್ನು ಈಗ ಮಾಡಿದ್ದರು. ಅದನ್ನು ಕಾಗೆ ಮುಟ್ಟಬೇಕಿತ್ತು. ಮುಟ್ಟಿದರೆ ಹೋದವರು ಬಂದು ಉಂಡ ಹಾಗೆ, ಮುಟ್ಟದಿದ್ದರೆ ಇನ್ನೂ ಕೋಪ ಇಳಿದಿಲ್ಲವೆಂದು ಅರ್ಥ. ಬಾಲ್ಕನಿಯಲ್ಲಿಡೋಣವೆಂದರೆ ಹಕ್ಕಿಗಳಿಗೆ ಏನೂ ಹಾಕಬಾರದೆಂದು ಲಿಫ್ಟ್‌ನಲ್ಲೇ ನೋಟಿಸ್ ಅಂಟಿಸಿದ್ದರು. ಅಳಿಯ ಕೆಲಸಕ್ಕೆ ಹೋಗಿದ್ದ, ಮಗಳು ಹಸಿ ಬಾಣಂತಿ.

"ನೀರೂ ದೇವ್ರೂ ಒಂದೇ ಕಡೆ ಇರೋ ಜಾಗ ಇದ್ರೆ ಕರ್ಕೊಂಡೋಗವ್ವ" ಎಂದರು. ನನ್ನ ಕಣ್ಣು ಉರಿಯುತ್ತಿತ್ತು. ಆದರೂ ಇಲ್ಲವೆನ್ನಲು ಬಾಯಿ ಬರಲಿಲ್ಲ.

ನನಗೆ ಹೊಳೆದದ್ದು ವೊಲೊಂಗಾಂಗ್ ಕಡೆಯ ಬೌದ್ಧ ದೇವಸ್ಥಾನವೊಂದೇ. ಅಲ್ಲಿಂದ ಸಮುದ್ರ ದೂರವಿಲ್ಲ. ಕಿಟಕಿ ಇಳಿಸಿ, ಗಾಳಿಗೆ ಮುಖವೊಡ್ಡಿ, ನಿದ್ದೆ ತಡೆದುಕೊಂಡು ಕಾರು ಓಡಿಸಿದೆ. ಅಮ್ಮ ಸ್ಟೀಲ್ ಡಬ್ಬಿಯನ್ನು ಮಡಿಲಿನಿಂದ ಇಳಿಸಲಿಲ್ಲ.

ಒಳಗೆ ಹೋದವರೇ ಹೊಡೆಯಲು ಗಂಟೆ ಹುಡುಕಿದರು, ತೀರ್ಥಕ್ಕೆ ಕೈಯೊಡ್ಡಿದರು. ತಲೆ ಬೋಳಿಸಿಕೊಂಡಿದ್ದ ಸನ್ಯಾಸಿನಿ ಏನೂ ತೋಚದೆ ಆ ಬೊಗಸೆಯಲ್ಲಿ ಒಂದು ಊದಿನಕಡ್ಡಿ ಇಟ್ಟರು. ಅಮ್ಮ ಅದನ್ನೇ ಕಣ್ಣಿಗೊತ್ತಿಕೊಂಡರು. ಆಮೇಲೆ ಬುದ್ಧನನ್ನು ದಿಟ್ಟಿಸಿ ನೋಡಿ, "ನೀನೂ ಹೆಂಡ್ತಿಗೆ ಹೇಳ್ದೆ ಕೇಳ್ದೆ ರಾತ್ರೋರಾತ್ರಿ ಎದ್ದೋದೋನೇ ಅಲ್ವಾ" ಎಂದರು.

ಬೀಚಿನಲ್ಲಿ ಮರಳಿನ ಮೇಲೆ ಪೇಪರ್ ಪ್ಲೇಟ್ ಇಟ್ಟು, ಅನ್ನ, ವಡೆ ಬಡಿಸಿ, "ಕಾ... ಕಾ..." ಎಂದು ಕೂಗಿದರು. ಓಡುತ್ತಿದ್ದವರು ನಿಂತು ನೋಡಿದರು. ಒಂದು ಕಾಗೆಯೂ ಬರಲಿಲ್ಲ. ಕೂಗಿ ಕೂಗಿ ಅವರ ಗಂಟಲು ಕಟ್ಟಿತು. ಅಷ್ಟರಲ್ಲಿ ಎಲ್ಲಿದ್ದವೋ, ಕಡಲಿನ ಬಿಳಿ ಹಕ್ಕಿಗಳಾದ ಸೀಗಲ್‌ಗಳ ಹಿಂಡು ಬಂದು ಎಡೆಗೆ ಮುತ್ತಿಕೊಂಡಿತು. ಅನ್ನ ಚೆಲ್ಲಾಪಿಲ್ಲಿಯಾಯಿತು. ಅಮ್ಮ ಸೆರಗಿನಿಂದ ಓಡಿಸಲು ನೋಡಿ, ಸೋತು, ಮರಳಿನಲ್ಲೇ ಕುಸಿದು ಕೂತರು.

"ಬರ್ಲಿಲ್ಲ ಕಣವ್ವ" ಎಂದರು. ಆ ಮುಖವನ್ನು ನೋಡಲಾಗಲಿಲ್ಲ.

"ಅಮ್ಮಾ, ಇಲ್ಲಿ ಕಾಗೆಗಳು ಬೆಳ್ಳಗೇ ಇರೋದು" ಎಂದುಬಿಟ್ಟೆ. ಹಿಂದಿನ ವಾರವಷ್ಟೇ ನಮ್ಮ ಕಾರ್ ಪಾರ್ಕಿನ ಕರೀ ಕಾಗೆಯನ್ನು ಅವರೇ ನನಗೆ ತೋರಿಸಿದ್ದರು.

ಅಮ್ಮ ನನ್ನನ್ನೊಮ್ಮೆ ನೋಡಿದರು, ಹಕ್ಕಿಗಳನ್ನೊಮ್ಮೆ ನೋಡಿದರು. ಒಂದು ದಡಿಯ ಸೀಗಲ್ ಉಳಿದವನ್ನೆಲ್ಲ ಅಟ್ಟಿ, ವಡೆ ಕಚ್ಚಿಕೊಂಡು ಅವರ ಕಡೆಯೇ ಮುಖ ಮಾಡಿ ನಿಂತಿತ್ತು.

"ಹೌದು ಕಣೇ... ಅವ್ರೂ ಹಿಂಗೇಯ. ಪೂರ್ತಿ ಬಡ್ಸೋಗಂಟ ತಡ್ಕೊಳೋರಲ್ಲ."

ನಗುತ್ತಲೇ ಅತ್ತರು. ಡಬ್ಬಿಯಲ್ಲಿ ಉಳಿದಿದ್ದ ವಡೆ ನನ್ನ ಕೈಗಿಟ್ಟರು. ಹಸಿವಿಲ್ಲ, ಆಮೇಲೆ ತಿನ್ನುತ್ತೇನೆ ಎಂದೆ. "ಈಗ್ಲೇ ತಿನ್ನು" ಎಂದು ಗದರಿದರು.

ಬಾಣಂತನ ಮುಗಿಸಿ ಅವರು ಊರಿಗೆ ಹೋದರು. ನಾನು ಕೆಲಸ ಬದಲಿಸಿ ಮೆಲ್ಬರ್ನ್‌ಗೆ ಬಂದೆ. ಪಿಆರ್ ಬಂತು, ಮನೆ ಬಂತು, ಸುಸ್ತು ಮಾತ್ರ ಹೋಗಲಿಲ್ಲ. ಅಮ್ಮ ತೀರಿಕೊಂಡ ಸುದ್ದಿಯನ್ನು ಅವರ ಮಗಳು ಫೋನಿನಲ್ಲಿ ಹೇಳಿದಾಗ ಟ್ರೇನಿನಲ್ಲಿದ್ದೆ. ಅಳುವುದಕ್ಕೂ ಜಾಗವಿರಲಿಲ್ಲ...

ಮೊನ್ನೆ ಸೊಪ್ಪನ್ನು ಫ್ರಿಜ್ಜಿಗೆ ಸೇರಿಸಿ, ನಾಳೆ ನೋಡಿದರಾಯಿತು ಎಂದುಕೊಂಡೆ. ಫ್ರಿಜ್ಜಿನ ಬಾಗಿಲು ಹಾಕಲು ಕೈ ಬರಲಿಲ್ಲ. ಬೇಳೆ ನೆನೆಹಾಕಿದೆ. ಸಂಜೆಗೆ ಒಂದು ವಡೆಯನ್ನು ಹಿತ್ತಲಿನ ಬೇಲಿಯ ಮೇಲಿಟ್ಟೆ. ತಕ್ಷಣ ಒಂದು ಕಾಗೆ ಬಂತು. ಕಪ್ಪಗಿತ್ತು. ವಡೆ ಕಚ್ಚಿಕೊಂಡು ಹಾರಿಹೋಯಿತು.

ನಾನು ಇನ್ನೊಂದು ವಡೆ ಇಟ್ಟು, ಬಿಳಿಯದು ಬರಲೆಂದು ಕಾಯುತ್ತಾ ನಿಂತೆ.