ಕ್ರಾಸ್‌ನಲ್ಲಿ ಕತ್ತರಿಸಿದ ಸೈಕಲ್ ಬುಟ್ಟಿ

೧೯೮೧ನೇ ಇಸವಿಯ ಕೊನೆಯ ತಿಂಗಳು. ಯಲಹಂಕದ ಹಳೇ ಊರಿನಲ್ಲಿ ನಾನು ಹೊಲಿಗೆ ಮಿಷನ್ ಹಾಕಿಕೊಂಡು ಕೂತು ಆಗಲೇ ಆರು ವರ್ಷವಾಗಿತ್ತು. ನಿಮ್ಮ ತಾತ ತೀರಿಕೊಂಡಾಗ ನನಗೆ ಇಪ್ಪತ್ತೆಂಟು. ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ. ನಾಲ್ಕು ಜನರ ಎದುರು ಮಾತಾಡುವುದು ಆಗಲೂ ಕಷ್ಟ, ಈಗಲೂ ಕಷ್ಟ. ಅಳತೆ ತೆಗೆಯುವಾಗ ಟೇಪಿನ ಮೇಲೆ ಕಣ್ಣಿಟ್ಟರೆ ಸಾಕು, ಎದುರಿಗಿರುವವರ ಮುಖ ನೋಡಬೇಕಾಗಿಲ್ಲ. ಈ ಕೆಲಸ ನನಗೆ ಒಗ್ಗಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಹೋದ ಹಬ್ಬಕ್ಕೆ ಬಂದಾಗ ನೀವು ಕೇಳಿದಿರಿ, ಇಷ್ಟು ವರ್ಷದಲ್ಲಿ ಹೊಲಿದದ್ದರಲ್ಲಿ ನಿನಗೆ ಮರೆಯಲಾಗದ್ದು ಯಾವುದು ಅಂತ. ಯಾವುದೋ ಮದುವೆಯ ರವಿಕೆ ಎನ್ನುತ್ತೇನೆ ಎಂದುಕೊಂಡಿದ್ದಿರಿ. ನಾನು ಸುಮ್ಮನೆ ಎದ್ದು ಒಳಗೆ ಹೋದೆ. ಅದೊಂದು ಸೈಕಲ್ ಬುಟ್ಟಿ. ಬಾಯಲ್ಲಿ ಹೇಳಲು ಆಗಲಿಲ್ಲ, ಬರೆಯುತ್ತಿದ್ದೇನೆ.

ನಮ್ಮ ಓಣಿಯ ಎದುರು ಮನೆ ಪಿಳ್ಳಪ್ಪಣ್ಣನದು. ಅವರು ಗಾರೆ ಮೇಸ್ತ್ರಿ, ಊರಿನ ಹಳೇ ಮನೆತನ. ಅವರ ತಾಯಿ ನರಸಮ್ಮಜ್ಜಿ, ಮಗಳು ಗಿರಿಜಾ. ತಾಯಿಯಿಲ್ಲದ ಹುಡುಗಿಯನ್ನು ಅಜ್ಜಿಯೇ ಸಾಕಿದ್ದರು. ಗಿರಿಜಾ ಎಸೆಸೆಲ್ಸಿ ಪಾಸು ಮಾಡಿ ಎರಡು ವರ್ಷ ಮನೆಯಲ್ಲಿ ಕೂತಿದ್ದಳು. ಆ ವರ್ಷ ಬ್ಯಾಟರಾಯನಪುರದ ಹತ್ತಿರ ರೇಡಿಯೋ ಬಿಡಿಭಾಗ ಜೋಡಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಎಂಟು ಗಂಟೆಗೆ ಒಳಗಿರಬೇಕು. ಬಸ್ಸು ನಂಬಿದರೆ ಆಗುತ್ತಿರಲಿಲ್ಲ. ಹಟ ಮಾಡಿ ಹಳೆಯ ಲೇಡೀಸ್ ಸೈಕಲ್ ಒಂದನ್ನು ತರಿಸಿಕೊಂಡಳು. ಅದರ ಮುಂದಿನ ಮಡ್‌ಗಾರ್ಡ್ ತುಕ್ಕು ತಿಂದು ಗಡಗಡ ಎನ್ನುತ್ತಿತ್ತೆಂದು ಸೈಕಲ್ ಷಾಪಿನವನು ಕಳಚಿಯೇ ಹಾಕಿದ್ದ. ಮುಂದಿನ ಟೈರು ಬರಿದಾಗಿ ಕಾಣುತ್ತಿತ್ತು.

ಪಿಳ್ಳಪ್ಪಣ್ಣ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಓಣಿಗೆಲ್ಲ ಕೇಳುವಂತೆ ಹೇಳಿದ್ದರು: "ಒಂದ್ ಸಲ ಬಿದ್ದೆ ಅಂದ್ರೆ ಸೈಕಲ್ ಗುಜ್ರಿಗೆ, ನೀನು ಗಂಡನ್ ಮನೆಗೆ. ಆಮೇಲೆ ಅಳಬ್ಯಾಡ."

ಗಿರಿಜಾ ನನ್ನ ಬಳಿ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಕೈಯಲ್ಲಿ ಕೆಂಪು ಬಿಳಿ ಚೌಕಳಿಯ ಬಟ್ಟೆ. ತಂತಿ ಬುಟ್ಟಿ ಬೇಡವಂತೆ, ಸೀರೆಗೆ ಸಿಕ್ಕಿಕೊಳ್ಳುತ್ತದಂತೆ. "ಬಟ್ಟೇದೇ ಒಂದು ಹೊಲ್ದ್‌ಕೊಡಿ ಸಾವಿತ್ರಕ್ಕ. ಚೆನ್ನಾಗಿ ಕಾಣ್ಬೇಕು. ಫ್ಯಾಕ್ಟ್ರಿ ಹುಡ್ಗೀರೆಲ್ಲ ಎಲ್ಲಿ ತಗೊಂಡೆ ಅಂತ ಕೇಳ್ಬೇಕು," ಅಂದಳು.

ನರಸಮ್ಮಜ್ಜಿಗೆ ಇದು ಸರಿಬರಲಿಲ್ಲ. ಹೊಸದಾಗಿ ಕೆಲಸಕ್ಕೆ ಹೊರಡುವ ಹುಡುಗಿಯ ಗಾಡಿಗೆ ಮೊದಲ ಹೊಲಿಗೆ ನನ್ನ ಕೈಯಿಂದ ಬೇಡವೆಂದು ಅವರು ಹೇಳಿದ್ದು ನನ್ನ ಕಿಟಕಿಗೆ ಕೇಳಿಸಿತ್ತು. ಅವರೂ ಗಂಡನನ್ನು ಕಳೆದುಕೊಂಡವರೇ. ಆದರೆ ಮಗನ ಮನೆಯಲ್ಲಿ ದೊಡ್ಡವರಾಗಿ ಇದ್ದವರಿಗೆ ಆ ಲೆಕ್ಕ ಬೇರೆ. ನಾನು ಕೇಳಿಸದವಳಂತೆ ಕೂತೆ.

ನಾನು ಹೆಸರು ಮಾಡಿದ್ದು ಕ್ರಾಸ್ ರವಿಕೆಯಲ್ಲಿ. ಬಟ್ಟೆಯ ಎಳೆಗಳು ಉದ್ದಕ್ಕೆ ಮತ್ತು ಅಡ್ಡಕ್ಕೆ ಓಡುತ್ತವೆ. ಅವುಗಳ ನೇರಕ್ಕೆ ಕತ್ತರಿಸಿದರೆ ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸುವುದಕ್ಕೆ ನಾವು ಕ್ರಾಸ್ ಎನ್ನುತ್ತೇವೆ. ಹಾಗೆ ಕತ್ತರಿಸಿದ ಬಟ್ಟೆ ಮೈಗೆ ತಕ್ಕಂತೆ ಎಳೆದುಕೊಂಡು ಕೂರುತ್ತದೆ. ಆ ಕಾಲದಲ್ಲಿ ರವಿಕೆ ಎಂದರೆ ಕ್ರಾಸ್ ಎಂದೇ ನನ್ನ ಕೈಗೆ ಅಭ್ಯಾಸ. ಜೊತೆಗೆ ಚೌಕಳಿ ಬಟ್ಟೆಯನ್ನು ಓರೆಗೆ ತಿರುಗಿಸಿದರೆ ಚೌಕಗಳೆಲ್ಲ ಶಂಕರಪೋಳಿಯ ಬಿಲ್ಲೆಗಳ ಹಾಗೆ ಕಾಣುತ್ತವೆ. ನೋಡಲು ಬಹಳ ಚೆಂದ. ಯೋಚನೆಯೇ ಮಾಡದೆ ಕ್ರಾಸ್‌ನಲ್ಲಿ ಕತ್ತರಿಸಿದೆ. ಒಳಗಿನ ಲೈನಿಂಗನ್ನೂ ಹಾಗೆಯೇ.

ಬಾಯಿಗೆ ದಪ್ಪ ತಂತಿಯ ಬಳೆ, ಅಂಚಿಗೆ ಕೆಂಪು ಪೈಪಿಂಗ್, ಸುತ್ತ ಫ್ರಿಲ್. ಹ್ಯಾಂಡಲ್ಲಿಗೆ ಸುತ್ತಲು ಮೂರು ಪಟ್ಟಿ, ಪಟ್ಟಿಗೆ ಟಿಚ್ ಬಟನ್. ತಳಕ್ಕೆ ಅಂಗೈ ಅಗಲದ ರಟ್ಟು. ಭಾನುವಾರ ಸಂಜೆ ಸೈಕಲ್ಲಿಗೆ ಕಟ್ಟಿ ನೋಡಿದೆ. ಬುಟ್ಟಿಯ ತಳಕ್ಕೂ ಟೈರಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ನನಗೆ ತೃಪ್ತಿಯಾಯಿತು. ನೋಡಿದ್ದು ಖಾಲಿ ಬುಟ್ಟಿಯನ್ನು.

ಸೋಮವಾರ ಬೆಳಿಗ್ಗೆ ಏಳಕ್ಕೆ ಗಿರಿಜಾ ಟಿಫನ್ ಡಬ್ಬಿ, ನೀರಿನ ಬಾಟಲು ಬುಟ್ಟಿಗೆ ಹಾಕಿಕೊಂಡು ಹೊರಟಳು. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ನಾನು ಮಿಷನ್ ಪಕ್ಕದ ಕಿಟಕಿಯಿಂದ ನೋಡಿದೆ. ಆ ಹೊತ್ತಿನಲ್ಲಿ ನಾನು ಹೊರಗೆ ಬರುತ್ತಿರಲಿಲ್ಲ. ಯಾರಾದರೂ ಕೆಲಸಕ್ಕೆ, ಪ್ರಯಾಣಕ್ಕೆ ಹೊರಡುವಾಗ ನನ್ನಂಥವರು ಎದುರಿಗೆ ಸಿಕ್ಕಬಾರದು ಎಂಬ ಮಾತು ಆಗ ಇತ್ತು. ಯಾರೂ ನನಗೆ ನೇರವಾಗಿ ಹೇಳಬೇಕಾಗಿರಲಿಲ್ಲ. ಏಳರಿಂದ ಎಂಟೂವರೆಯ ತನಕ ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಕೂರುವುದನ್ನು ನಾನೇ ರೂಢಿ ಮಾಡಿಕೊಂಡಿದ್ದೆ.

ಬುಧವಾರ ಬೆಳಿಗ್ಗೆ ಅದೇ ಕಿಟಕಿಯಿಂದ ನೋಡಿದಾಗ ಬುಟ್ಟಿಯ ಬಿಲ್ಲೆಗಳು ಬದಲಾಗಿದ್ದವು. ಭಾನುವಾರ ನಾಲ್ಕೂ ಕಡೆ ಒಂದೇ ಸಮ ಇದ್ದ ಬಿಲ್ಲೆಗಳು ಈಗ ಉದ್ದಕ್ಕೆ ಸಪೂರವಾಗಿ ಎಳೆದುಕೊಂಡಿದ್ದವು. ಬುಟ್ಟಿಯ ಹೊಟ್ಟೆ ಕೆಳಗೆ ಇಳಿದಿತ್ತು.

ನನ್ನ ಹಿಂದೆ ಗೋಡೆಯ ಮೊಳೆಗೆ ಯಾರದೋ ಅಂಬ್ರೆಲಾ ಲಂಗ ನೇತು ಹಾಕಿದ್ದೆ. ಅಂಬ್ರೆಲಾ ಲಂಗವೂ ಕ್ರಾಸ್‌ನದೇ. ಅದನ್ನು ಹೊಲಿದ ಕೂಡಲೇ ಅಂಚು ಮಡಿಸುವುದಿಲ್ಲ, ಒಂದು ದಿನ ನೇತು ಹಾಕುತ್ತೇವೆ. ತನ್ನ ಭಾರಕ್ಕೆ ತಾನೇ ಎಷ್ಟು ಇಳಿಯಬೇಕೋ ಅಷ್ಟು ಇಳಿದ ಮೇಲೆ ಅಂಚು ಸಮ ಮಾಡುವುದು. ಹೊಲಿಗೆ ಕಲಿಯುವ ಮೊದಲ ವರ್ಷವೇ ಇದು ಗೊತ್ತಿರುತ್ತದೆ. ಬರೀ ಬಟ್ಟೆಯ ಭಾರಕ್ಕೇ ಇಳಿಯುವುದು ಡಬ್ಬಿಯ ಭಾರಕ್ಕೆ ಇಳಿಯದೆ ಇರುತ್ತದೆಯೇ? ಲಂಗದ ವಿಷಯದಲ್ಲಿ ಗೊತ್ತಿದ್ದದ್ದು ಬುಟ್ಟಿಯ ವಿಷಯದಲ್ಲಿ ನನಗೆ ಹೊಳೆದಿರಲಿಲ್ಲ.

ಸಂಜೆ ಹೇಳೋಣವೆಂದು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಏಳೆಂಟು ಹೆಂಗಸರು ಅವರೆಕಾಯಿ ಸುಲಿಯುತ್ತ ಕೂತಿದ್ದರು. ಎಲ್ಲರೂ ನನ್ನ ಬಳಿ ರವಿಕೆ ಹೊಲಿಸುವವರೇ. ಸಂಕ್ರಾಂತಿ ಕಳೆದರೆ ಮದುವೆಗಳ ಕಾಲ. ನರಸಮ್ಮಜ್ಜಿ ಅಂದು ಒಳ್ಳೆಯ ಮನಸ್ಸಿನಲ್ಲಿದ್ದರು. "ಬಾ ಸಾವಿತ್ರಿ. ನಿನ್ ಬುಟ್ಟಿ ನೋಡಿ ನಮ್ ಎಮ್ಮೆನೂ ತನ್ ಕೊಂಬಿಗೊಂದು ಬೇಕು ಅಂತದೆ," ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಿರಿಜಾ ಇನ್ನೂ ಬಂದಿರಲಿಲ್ಲ. ಅಷ್ಟು ಜನರ ಮಧ್ಯೆ ನನ್ನ ಕೆಲಸದ ತಪ್ಪನ್ನು ನನ್ನ ಬಾಯಿಂದಲೇ ಹೇಳಲು ನಾಲಿಗೆ ಏಳಲಿಲ್ಲ. ಒಂದು ಹಿಡಿ ಅವರೆಕಾಯಿ ಸುಲಿದುಕೊಟ್ಟು ವಾಪಸು ಬಂದೆ. ನಾಳೆ ಅವಳೊಬ್ಬಳೇ ಸಿಕ್ಕಾಗ ಹೇಳೋಣ ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಓಣಿಯ ತುದಿಯೇ ಕಾಣದಷ್ಟು ಮಂಜು ಇಳಿದಿತ್ತು. ಸೈಕಲ್ ಇಡೀ ರಾತ್ರಿ ಹೊರಗೇ ನಿಂತಿತ್ತು, ಬುಟ್ಟಿ ಇಬ್ಬನಿಗೆ ನೆಂದು ಕೆಂಪು ಬಣ್ಣ ಕಪ್ಪಗೆ ಕಾಣುತ್ತಿತ್ತು. ನೆಂದ ಬಟ್ಟೆ ಇನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ಗಿರಿಜಾ ಡಬ್ಬಿಯ ಜೊತೆಗೆ ಅವರೆಕಾಯಿ ತುಂಬಿದ ಚೀಲವೊಂದನ್ನು ಬುಟ್ಟಿಗಿಟ್ಟಳು, ಜೊತೆ ಕೆಲಸದವರಿಗೆ ಕೊಡಲು. ಬುಟ್ಟಿ ಕೆಳಕ್ಕೆ ಜಗ್ಗಿತು. ತಳಕ್ಕೂ ಟೈರಿಗೂ ನಡುವೆ ಒಂದು ಬೆರಳು ತೂರುತ್ತಿತ್ತೋ ಇಲ್ಲವೋ.

ನಾನು ಎದ್ದು ಬಾಗಿಲಿಗೆ ಬಂದೆ. ಚಿಲಕದ ಮೇಲೆ ಕೈ ಇಟ್ಟೆ. ಎದುರು ಹೊಸ್ತಿಲಲ್ಲಿ ನರಸಮ್ಮಜ್ಜಿ ನಿಂತಿದ್ದರು, ಮೊಮ್ಮಗಳನ್ನು ಕಳಿಸಲು. ಅವರ ಕಣ್ಣು ನನ್ನ ಬಾಗಿಲಿನ ಮೇಲೆ ಬಿತ್ತು. ಹಾಗೇ ನಿಂತೆ. ಗಿರಿಜಾ ಪೆಡಲ್ ಒತ್ತಿದಳು. ಹೊರಟವರನ್ನು ಹಿಂದಿನಿಂದ ಕೂಗಬಾರದು ಎಂಬುದು ಇನ್ನೊಂದು ಮಾತು. ಎದುರಿಗೆ ಬರುವ ಹಾಗಿಲ್ಲ, ಹಿಂದಿನಿಂದ ಕರೆಯುವ ಹಾಗಿಲ್ಲ. ಓಣಿಯ ತಿರುವಿನಲ್ಲಿ ಮಂಜು ಅವಳನ್ನು ಮುಚ್ಚಿತು. ಬೆಲ್ ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು.

ಆ ಬೆಳಿಗ್ಗೆ ನಾನು ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಬಳ್ಳಾರಿ ರಸ್ತೆಯಲ್ಲಿ ಲಾರಿಗಳು ಲೈಟು ಹಾಕಿಕೊಂಡು ಹೋಗುವ ಸದ್ದು ನಮ್ಮ ಮನೆಯವರೆಗೂ ಬರುತ್ತಿತ್ತು. ಒಂದೊಂದು ಸದ್ದನ್ನೂ ಪೂರ್ತಿ ದೂರ ಹೋಗುವ ತನಕ ಕೇಳಿಸಿಕೊಂಡೆ.

ಒಂಬತ್ತು ಗಂಟೆಗೆ ಗಿರಿಜಾ ಬಿದ್ದ ಸುದ್ದಿ ಬಂತು. ನಡೆದದ್ದು ಹೀಗೆ: ರಸ್ತೆ ಇಳಿಜಾರಾಗುವ ಕಡೆ ಬುಟ್ಟಿಯ ಫ್ರಿಲ್ ಟೈರಿಗೆ ತಾಗಿ, ಟೈರು ಬಟ್ಟೆಯನ್ನು ಎಳೆದುಕೊಂಡು, ಮುಂದಿನ ಚಕ್ರ ಇದ್ದಲ್ಲೇ ನಿಂತುಬಿಟ್ಟಿತ್ತು. ಗಿರಿಜಾ ಹ್ಯಾಂಡಲ್ ಮೇಲಿಂದ ಹಾರಿ ರಸ್ತೆಗೆ ಬಿದ್ದಳು. ಹಿಂದೆ ಬರುತ್ತಿದ್ದ ಲಾರಿಯವನು ಪುಣ್ಯಕ್ಕೆ ಮಣ್ಣಿಗಿಳಿಸಿದ. ಅವನೇ ಅವಳನ್ನು ಆಸ್ಪತ್ರೆಗೆ ಸೇರಿಸಿದ. ಎಡಗೈ ಮೊಣಕೈ ಹತ್ತಿರ ಮುರಿದಿತ್ತು. ಗಲ್ಲಕ್ಕೆ ಐದು ಹೊಲಿಗೆ.

ಆದರೆ ಓಣಿಗೆ ಬಂದ ಸುದ್ದಿಯಲ್ಲಿ ಬುಟ್ಟಿ ಇರಲಿಲ್ಲ. ಇದ್ದದ್ದು ಇಷ್ಟೇ: ಹುಡುಗಿಗೆ ಸೈಕಲ್ ತುಳಿಯಲು ಬರಲಿಲ್ಲ. ಪಿಳ್ಳಪ್ಪಣ್ಣ ಸೈಕಲ್ಲನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬೀಗ ಹಾಕಿದರು, ಚಕ್ರಕ್ಕೆ ಸುತ್ತಿಕೊಂಡಿದ್ದ ಬಟ್ಟೆ ಹಾಗೇ ಇತ್ತು, ಬಿದ್ದಾಗ ಸಿಕ್ಕಿಕೊಂಡದ್ದೆಂದು ಅವರು ಎಣಿಸಿದ್ದರು. ಮಾಲೂರಿನ ಕಡೆಯ ಒಂದು ಸಂಬಂಧಕ್ಕೆ ಹೇಳಿ ಕಳಿಸಿದರು. ನರಸಮ್ಮಜ್ಜಿಯ ಮಾತು ಬೇರೆ ದಾರಿಯಲ್ಲಿ ಓಡುತ್ತಿತ್ತು: ಮೊದಲ ಹೊಲಿಗೆ ಯಾರ ಕೈಯದು ಎಂದು ತಾವು ಆಗಲೇ ಹೇಳಿದ್ದರಂತೆ. ಕಾರ್ಖಾನೆಯವರು ಅವಳ ಜಾಗವನ್ನು ಎರಡು ತಿಂಗಳು ಇಟ್ಟುಕೊಳ್ಳುತ್ತೇವೆಂದು ಹೇಳಿ ಕಳಿಸಿದ್ದರು.

ಎರಡು ದಿನ ನಾನು ಸುಮ್ಮನಿದ್ದೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಬುಟ್ಟಿಯೇ ಕಾರಣ ಅಂದರೆ ಅಜ್ಜಿಯ ಮಾತಿಗೆ ನಾನೇ ಸಾಕ್ಷಿ ಹೇಳಿದಂತೆ. ಆಮೇಲೆ ಯಾವ ಮದುವೆ ಮನೆಯವರು ನನ್ನ ಕೈಗೆ ಬಟ್ಟೆ ಕೊಡುತ್ತಾರೆ? ನಿಮ್ಮ ಅಪ್ಪನಿಗೆ ಆಗ ಒಂಬತ್ತು ವರ್ಷ. ಹೇಳದಿದ್ದರೆ ತಪ್ಪೆಲ್ಲ ಗಿರಿಜಾಳ ತಲೆಗೆ. ಅವಳಂತೂ ಬುಟ್ಟಿಯ ಮಾತೇ ಎತ್ತಲಿಲ್ಲ. ನನ್ನನ್ನು ಕಾಪಾಡುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಅದರಿಂದ ನನಗೆ ಇನ್ನು ಸುಮ್ಮನೆ ಕೂರಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಉಳಿದ ಚೌಕಳಿ ಬಟ್ಟೆ, ಕತ್ತರಿ, ಟೇಪು ತೆಗೆದುಕೊಂಡು ಓಣಿ ದಾಟಿದೆ. ಪಿಳ್ಳಪ್ಪಣ್ಣ ಮಾಲೂರಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದರು. ಅವರ ಎದುರಿಗೇ ಹೋಗಿ ನಿಂತೆ. ನರಸಮ್ಮಜ್ಜಿ ಜಗಲಿಯ ಮೇಲೆ ಕೂತಿದ್ದರು.

"ಅಣ್ಣ, ಹುಡುಗಿ ತಪ್ಪಲ್ಲ. ಬಟ್ಟೆ ಕತ್ತರಿಸಿದ್ದು ತಪ್ಪು. ನೋಡಿ," ಎಂದೆ.

ಹನ್ನೆರಡು ಇಂಚಿನ ಎರಡು ಪಟ್ಟಿ ಕತ್ತರಿಸಿದೆ, ಒಂದು ನೇರಕ್ಕೆ, ಒಂದು ಕ್ರಾಸಿಗೆ. ಜಗಲಿಯ ತೊಲೆಯ ಮೊಳೆಗಳಿಗೆ ಎರಡನ್ನೂ ಕಟ್ಟಿ, ತುದಿಗೆ ಒಂದೊಂದು ಸೇರು ಅವರೆಕಾಯಿಯ ಗಂಟು ತೂಗುಬಿಟ್ಟೆ. ನೇರದ್ದು ಹನ್ನೆರಡೇ ಇತ್ತು. ಕ್ರಾಸಿನದು ಅವರ ಕಣ್ಣೆದುರೇ ಸಪೂರವಾಗುತ್ತ ಹದಿನಾಲ್ಕೂವರೆಗೆ ಇಳಿಯಿತು. ಟೇಪು ಹಿಡಿದು ತೋರಿಸಿದೆ.

ಪಿಳ್ಳಪ್ಪಣ್ಣ ಹತ್ತಿರ ಬಂದರು. ತೂಗುಗುಂಡು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಎರಡೂ ಪಟ್ಟಿಗಳನ್ನು ನೋಡಿದರು. ಆಮೇಲೆ ಕೇಳಿದರು: "ನಾವು ಗೋಡೆಗೆ ಸಾರುವೆ ಕಟ್ಟಿದ್ರೆ ಆಳು ಅತ್ತೋಕ್ ಮುಂಚೆ ಮರಳು ಮೂಟೆ ಆಕಿ ನೋಡ್ತೀವಿ ಕಣಮ್ಮ. ನೀನ್ ನೋಡ್ಲಿಲ್ವಾ?"

"ಇಲ್ಲ ಅಣ್ಣ. ಖಾಲಿ ಕಟ್ಟಿ ನೋಡ್ದೆ."

"ಇಳೀತಾ ಇರೋದು ಯಾವಾಗ ಗೊತ್ತಾಯ್ತು?"

ಆ ಪ್ರಶ್ನೆ ಬರುತ್ತದೆಂದು ನಾನು ಎಣಿಸಿರಲಿಲ್ಲ. "ಬುಧವಾರ," ಎಂದೆ.

ಅವರ ಮುಖ ಕಪ್ಪಾಯಿತು. ನರಸಮ್ಮಜ್ಜಿ ಕಂಬ ಹಿಡಿದು ಎದ್ದರು. "ಬುದ್ವಾರ ಗೊತ್ತಾಗಿ ಬೇಸ್ತವಾರ ಸುಮ್ಕೆ ಕಳಿಸ್ದ್ಯಾ? ಬಾಯ್ ಬಿದ್ದೋಗಿತ್ತಾ ನಿಂಗೆ?"

"ಹೊರಡೋವಾಗ ನಾನು ಎದುರು ಬಂದ್ರೆ ನೀವು ಏನಂತೀರೋ ಅಂತ ಬಾಗಿಲಲ್ಲೇ ನಿಂತೆ ಅಜ್ಜಿ. ನೀವೂ ನನ್ನ ನೋಡಿದ್ರಿ."

ಅಜ್ಜಿ ನಿಧಾನವಾಗಿ ಕೂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಒಳಗಿನ ಕೋಣೆಯಲ್ಲಿ ಗಿರಿಜಾ ಕಟ್ಟು ಹಾಕಿದ ಕೈಯಿಟ್ಟುಕೊಂಡು ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ಪಿಳ್ಳಪ್ಪಣ್ಣ ಮಾಲೂರಿಗೆ ಹೋಗಲಿಲ್ಲ. ನನ್ನ ಜೊತೆ ಮತ್ತೆ ಮಾತಾಡಲೂ ಇಲ್ಲ. ಕೊಟ್ಟಿಗೆಯ ಬೀಗ ತೆಗೆದು, ಚಕ್ರಕ್ಕೆ ಸುತ್ತಿದ್ದ ಬಟ್ಟೆಯನ್ನು ಕುಡುಗೋಲಿನಿಂದ ಕೊಯ್ದು ಬಿಸಾಡಿ, ಮಗಳಿಗೆ ಕೇಳುವಂತೆ ಹೇಳಿದರು: "ಕೈ ಕೂಡ್ಕೊಳ್ಳಿ. ಮುಂದಕ್ಕೊಂದು ಮಡ್‌ಗಾರ್ಡ್ ಆಕುಸ್ತೀನಿ."

ಫೆಬ್ರುವರಿಯಲ್ಲಿ ಗಿರಿಜಾ ಮತ್ತೆ ಕೆಲಸಕ್ಕೆ ಹೋದಳು. ಆ ವರ್ಷ ಮೂರು ಮದುವೆ ಮನೆಯವರು ನನಗೆ ಕೊಡಬೇಕೆಂದಿದ್ದ ರವಿಕೆಗಳನ್ನು ಬೇರೆಡೆ ಹೊಲಿಸಿದರು. ಕಾರಣ ಕೇಳಲು ನಾನು ಹೋಗಲಿಲ್ಲ.

ಕೆಲಸ ನನಗೆ ಕಲಿಸಿದ್ದನ್ನು ಕೇಳಿದರೆ ಇಷ್ಟು ಹೇಳಬಲ್ಲೆ. ಭಾರ ಹೊರಬೇಕಾದದ್ದನ್ನು ಭಾರ ಹಾಕಿಯೇ ಅಳೆಯಬೇಕು, ಇದು ಸುಲಭದ ಪಾಠ. ಕಷ್ಟದ್ದು ಇನ್ನೊಂದು. ಬಟ್ಟೆ ಕೊಟ್ಟ ಮೇಲೆ ನನ್ನ ಕೆಲಸ ಮುಗಿಯಿತು ಎಂದಲ್ಲ. ಅದರಲ್ಲಿ ಅಪಾಯ ಕಂಡರೆ ಎಷ್ಟು ಹೊತ್ತಿಗಾದರೂ, ಯಾರ ಎದುರಿಗಾದರೂ ಹೋಗಿ ಹೇಳಬೇಕಾದವಳು ನಾನೇ. ನಾಚಿಕೆ ನನ್ನ ಸ್ವಭಾವ, ಅದಕ್ಕೆ ಬೆಲೆ ತೆತ್ತವಳು ಬೇರೆಯವಳು.

ಗಿರಿಜಾ ನನ್ನ ಬಿಟ್ಟು ಬೇರೆ ಯಾರ ಬಳಿಯೂ ರವಿಕೆ ಹೊಲಿಸಲಿಲ್ಲ. ಅವಳ ಎಡ ಮೊಣಕೈ ಪೂರ್ತಿ ನೇರವಾಗಲೇ ಇಲ್ಲ. ನನ್ನ ಅಳತೆ ಪುಸ್ತಕದಲ್ಲಿ ಎಲ್ಲರ ಹೆಸರಿನ ಮುಂದೆ ತೋಳಿಗೆ ಒಂದೇ ಅಳತೆ ಬರೆಯುತ್ತೇನೆ. ಅವಳ ಹೆಸರಿನ ಮುಂದೆ ಮಾತ್ರ ಎರಡು. ಬಾಗಿದ ಕೈ ಸಲೀಸಾಗಿ ತೂರಲೆಂದು ಎಡ ತೋಳಿಗೆ ಅರ್ಧ ಇಂಚು ಹೆಚ್ಚು.