ನೆಲನೆಲ್ಲಿ ಕುಡಿದು ಹೊರಟಾಗ

ನಮ್ಮೂರು ಮರಿಕಲ್ಲಿನಲ್ಲಿ ನನ್ನ ಅವ್ವ ಕಾಮಾಲೆಗೆ ಔಷಧ ಕೊಡುತ್ತಿದ್ದಳು. ಬಚ್ಚಲ ನೀರು ಹರಿಯುವ ಕಡೆ ಬೆಳೆದ ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕಲಸಿ ಮೂರು ದಿನ ಬರಿಹೊಟ್ಟೆಗೆ ಕುಡಿಸುವಳು. ಕುಡಿದವರು ಹೊರಡುವಾಗ ‘ಹೋಗಿ ಬರ್ತೀನಿ’ ಅನ್ನಬಾರದು. ಅಂದರೆ ರೋಗವೂ ತಿರುಗಿ ಬರುತ್ತದೆ ಎಂದು ಅವಳ ನಂಬಿಕೆ.

ಹೋದ ವರ್ಷ ನನಗೇ ಕಾಮಾಲೆಯಾಯಿತು. ಗದ್ವಾಲದ ಡಾಕ್ಟರು ಕೊಟ್ಟ ಗುಳಿಗೆ ನುಂಗುತ್ತಲೇ, ಊರಿಗೆ ಬಂದು ಅವ್ವನ ಮಜ್ಜಿಗೆಯನ್ನೂ ಕುಡಿದೆ. ಯಾವುದರಿಂದಲೋ ಏನೋ, ಕಣ್ಣಿನ ಹಳದಿ ಇಳಿಯಿತು. ಹೊರಡುವ ದಿನ ಏನೋ ಹೇಳಲು ಬಾಯಿ ತೆರೆದೆ.

“ಏನೂ ಅನಬ್ಯಾಡ. ತಿರುಗಿ ನೋಡದಂಗ ಹೋಗು,” ಅಂದಳು ಅವ್ವ.

ಇಂಥದ್ದನ್ನೆಲ್ಲ ನಂಬದವಳು ನಾನು. ಸಿಟ್ಟಿನಲ್ಲೇ ಹೊರಟು, ಬಸ್ ಸ್ಟ್ಯಾಂಡ್ ಮುಟ್ಟುವವರೆಗೂ ತಿರುಗಿ ನೋಡಲಿಲ್ಲ.

ಹದಿನೈದು ದಿನಕ್ಕೆ ಅವ್ವ ಎದೆನೋವು ಬಂದು ತೀರಿಕೊಂಡಳು. ಕಾರ್ಯ ಮುಗಿಸಿ ಹೊರಟಾಗ ಚಿಕ್ಕಮ್ಮ ನನ್ನ ಕೈ ಹಿಡಿದಳು. “ಸಾವಿನ ಮನ್ಯಾಗ ಹೋಗಿ ಬರ್ತೀನಿ ಅನಬಾರದು. ಸುಮ್ಮನ ಹೋಗವ್ವ.”

ಕೈ ಕೊಸರಿಕೊಂಡು ಬಚ್ಚಲ ಹಿಂದಕ್ಕೆ ಹೋದೆ. ನೆಲನೆಲ್ಲಿ ಮತ್ತೆ ಹುಟ್ಟಿತ್ತು. ಬರುವ ರೋಗ ಬರಲಿ ಎಂದುಕೊಂಡು ಓಣಿಗೆಲ್ಲ ಕೇಳುವಂತೆ ಕೂಗಿದೆ:

“ಹೋಗಿ ಬರ್ತೀನವ್ವಾ!”